ಕ್ಯಾಮೆರಾ ಯಾರ ಸಾಕ್ಷಿ? ಡಾಕ್ಯುಮೆಂಟರಿ ಬಿಟ್ಟು ಬಂದ ಕೀಸ್ಲೋವ್‌ಸ್ಕಿ ಕತೆ

ಮೀಡಿಯಾ ಕೋರ್ಸ್ ಓದೋ ಹುಡುಗ ಹುಡುಗಿಯರು ಫೈನಲ್ ಇಯರ್ ಪ್ರಾಜೆಕ್ಟ್ ಹತ್ತಿರ ಬಂದಾಗ ನಮ್ಮಂಥ ಪತ್ರಕರ್ತರಿಗೆ ಮೆಸೇಜ್ ಹಾಕೋದು ವಾಡಿಕೆ. ಹತ್ತು ನಿಮಿಷದ ಸಿನಿಮಾ ಮಾಡಬೇಕು, ಯಾವ ಜಾನರ್ ತಗೊಳ್ಳೋದು ಅನ್ನೋದೇ ಪ್ರಶ್ನೆ. ಅವರ ಹತ್ತಿರ ಲೆಕ್ಕಾಚಾರ ಮೊದಲೇ ರೆಡಿ ಇರುತ್ತೆ. ಹಾರರ್ ಆದ್ರೆ ಖರ್ಚು ಕಮ್ಮಿ, ಒಂದು ಖಾಲಿ ಮನೆ ಇದ್ದರೆ ಸಾಕು. ಥ್ರಿಲ್ಲರ್ ಆದ್ರೆ ಜನ ನೋಡ್ತಾರೆ. ಡಾಕ್ಯುಮೆಂಟರಿ ಆದ್ರೆ ನಟರು ಬೇಡ, ಲೈಟು ಬೇಡ, ಪೌರಕಾರ್ಮಿಕರ ಮೇಲೋ ಬೀದಿ ವ್ಯಾಪಾರಿಗಳ ಮೇಲೋ ಮಾಡಿದರೆ ಮಾರ್ಕ್ಸ್ ಗ್ಯಾರಂಟಿ.

ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ನಾನು ಇಂಜಿನಿಯರಿಂಗ್ ಓದಿದವನು. ಅಲ್ಲೂ ಪ್ರಾಜೆಕ್ಟ್ ಆರಿಸೋದು ಯಾವ ಗೈಡ್ ಸಿಗ್ತಾರೆ, ಯಾವುದು ಬೇಗ ಮುಗಿಯುತ್ತೆ ಅನ್ನೋದರ ಮೇಲೆಯೇ. ಆದ್ರೆ ಸರ್ಕ್ಯೂಟ್ ಬೋರ್ಡಿಗೆ ಮನೆ, ಕೆಲಸ, ನೆರೆಹೊರೆ ಅಂತ ಏನೂ ಇರಲ್ಲ. ಅದರ ಫೋಟೊ ತೆಗೆದರೆ ಅದರ ಅನ್ನಕ್ಕೆ ಕುತ್ತು ಬರಲ್ಲ. ಕ್ಯಾಮೆರಾ ಮುಂದೆ ನಿಲ್ಲೋರು ಮನುಷ್ಯರು. ಜಾನರ್ ಆರಿಸುವಾಗ ನಾವು ಆರಿಸ್ತಿರೋದು ಆ ಮನುಷ್ಯರಿಗೆ ನಮ್ಮಿಂದ ಏನು ಆಗಬಹುದು ಅನ್ನೋದನ್ನ. ಇದನ್ನ ತನ್ನ ವಿದ್ಯಾರ್ಥಿ ದಿನಗಳಿಂದ ಶುರುಮಾಡಿ ಹದಿನಾಲ್ಕು ವರ್ಷ ಕಷ್ಟಪಟ್ಟು ಕಲಿತ ಒಬ್ಬರಿದ್ದರು. ಪೋಲೆಂಡಿನ ಕ್ರಿಸ್ತಾಫ್ ಕೀಸ್ಲೋವ್‌ಸ್ಕಿ. ಫಿಲ್ಮ್ ಸೊಸೈಟಿಗಳ ಜೊತೆ ಓಡಾಡಿದವರಿಗೆ ‘ಡೆಕಲಾಗ್’, ‘ತ್ರೀ ಕಲರ್ಸ್’ ಸಿನಿಮಾಗಳ ನಿರ್ದೇಶಕ ಅಂತ ಗೊತ್ತು. ನಾನು ಹೇಳಹೊರಟಿರೋದು ಅದಕ್ಕೂ ಮುಂಚಿನ ಕೀಸ್ಲೋವ್‌ಸ್ಕಿ ಬಗ್ಗೆ.

1941ರ ಜೂನ್ 27ರಂದು ವಾರ್ಸಾದಲ್ಲಿ ಹುಟ್ಟಿದಾಗ ಊರು ನಾಜಿ ಜರ್ಮನಿಯ ಕೈಯಲ್ಲಿತ್ತು. ಅಪ್ಪ ಸಿವಿಲ್ ಇಂಜಿನಿಯರ್, ಕ್ಷಯರೋಗಿ. ಅಮ್ಮ ಆಫೀಸಿನಲ್ಲಿ ಗುಮಾಸ್ತೆ. ಅಪ್ಪನಿಗೆ ಯಾವ ಊರಿನ ಸ್ಯಾನಿಟೋರಿಯಂನಲ್ಲಿ ಚಿಕಿತ್ಸೆಯೋ ಆ ಊರಿಗೆ ಸಂಸಾರ ಗಂಟುಮೂಟೆ ಕಟ್ಟೋದು. ಬಾಲ್ಯವೆಲ್ಲ ಊರಿಂದ ಊರಿಗೆ, ಶಾಲೆಯಿಂದ ಶಾಲೆಗೆ. ಓದು ಹತ್ತಲಿಲ್ಲ. ಹದಿನಾರರ ವಯಸ್ಸಿಗೆ ಅಗ್ನಿಶಾಮಕ ತರಬೇತಿ ಶಾಲೆಗೆ ಸೇರಿ ಮೂರೇ ತಿಂಗಳಿಗೆ ಓಡಿಬಂದರು. ಸಮವಸ್ತ್ರ, ಶಿಸ್ತು, ಸೀಟಿ ಅವರಿಗೆ ಆಗಿಬರೋದಲ್ಲ ಅಂತ ಅಲ್ಲೇ ಗೊತ್ತಾಯಿತು. ಸಂಬಂಧಿಕರೊಬ್ಬರು ವಾರ್ಸಾದಲ್ಲಿ ರಂಗ ತಂತ್ರಜ್ಞರ ಶಾಲೆ ನಡೆಸುತ್ತಿದ್ದರು, ಅಲ್ಲಿ ಸೀಟು ಸಿಕ್ಕಿತು. ದೊಡ್ಡ ಕನಸಿನಿಂದಲ್ಲ, ನೆಂಟಸ್ತಿಕೆಯಿಂದ ಕಲೆಯ ಬಾಗಿಲು ತೆರೆದದ್ದು.

ಅಲ್ಲಿ ನಾಟಕದ ಹುಚ್ಚು ಹತ್ತಿತು. ನಾಟಕ ನಿರ್ದೇಶಕ ಆಗಬೇಕು ಅಂದುಕೊಂಡರು. ಅದಕ್ಕೆ ಪದವಿ ಬೇಕು. ಸಿನಿಮಾ ಶಾಲೆಯಲ್ಲಿ ಪದವಿ ತಗೊಂಡು ನಾಟಕಕ್ಕೆ ಹೋಗೋಣ ಅಂತ ಲುಜ್ ಊರಿನ ಹೆಸರಾಂತ ಫಿಲ್ಮ್ ಸ್ಕೂಲಿಗೆ ಅರ್ಜಿ ಹಾಕಿದರು. ಮೊದಲ ಸಲ ಸೀಟು ಸಿಗಲಿಲ್ಲ. ಎರಡನೇ ಸಲವೂ ಇಲ್ಲ. ಆ ನಡುವಿನ ವರ್ಷಗಳಲ್ಲಿ ವಾರ್ಸಾದ ರಂಗಮಂದಿರವೊಂದರಲ್ಲಿ ನಟರಿಗೆ ವೇಷ ತೊಡಿಸೋ ಕೆಲಸ ಮಾಡಿದರು. ಸೇನೆಗೆ ಕಡ್ಡಾಯವಾಗಿ ಸೇರಬೇಕಾದ ವಯಸ್ಸು ಬೇರೆ. ಊಟ ಬಿಟ್ಟು ತೂಕ ಇಳಿಸಿಕೊಂಡು ವೈದ್ಯಕೀಯವಾಗಿ ಅನರ್ಹ ಅನ್ನಿಸಿಕೊಂಡರು. 1964ರಲ್ಲಿ, ಮೂರನೇ ಸಲಕ್ಕೆ ಸೀಟು ಸಿಕ್ಕಿತು. ಅಷ್ಟರಲ್ಲಿ ನಾಟಕದ ಆಸೆ ಹೋಗಿತ್ತು, ಸಿನಿಮಾದ ಆಸೆ ಇನ್ನೂ ಪೂರ್ತಿ ಬಂದಿರಲಿಲ್ಲ. ಸೀಟು ಬಿಟ್ಟುಕೊಡಬಾರದು ಅನ್ನೋ ಹಟ ಮಾತ್ರ ಇತ್ತು. ನೀಟ್, ಸಿಇಟಿ ರಿಪೀಟ್ ಮಾಡಿದವರಿಗೆ ಈ ಹಟ ಅರ್ಥವಾಗುತ್ತೆ.

ಲುಜ್ ಬಟ್ಟೆ ಗಿರಣಿಗಳ ಊರು. ಕಪ್ಪು ಹಿಡಿದ ಗೋಡೆ, ಹೊಗೆ, ಪಾಳಿ ಮುಗಿಸಿ ಬರೋ ಹೆಂಗಸರು. ಅಲ್ಲಿನ ಫಿಲ್ಮ್ ಸ್ಕೂಲು ಆಂದ್ರೇ ವಾಯ್ದಾ, ರೋಮನ್ ಪೊಲಾನ್ಸ್ಕಿ ಓದಿದ ಜಾಗ. ಕಮ್ಯುನಿಸ್ಟ್ ಸರ್ಕಾರದ ಸಂಸ್ಥೆಯಾದರೂ ಹೊರಗೆ ಜನರಿಗೆ ನೋಡಲು ಸಿಗದ ವಿದೇಶಿ ಸಿನಿಮಾಗಳನ್ನ ಅಲ್ಲಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರು. ಡಾಕ್ಯುಮೆಂಟರಿ ಕಲಿಸಲು ಯೆಜಿ ಬೊಸ್ಸಾಕ್, ಕಾಜಿಮಿಯೆಜ್ ಕರಾಬಾಶ್ ಇದ್ದರು. ಕರಾಬಾಶ್ 1960ರಲ್ಲಿ ಹತ್ತು ನಿಮಿಷದ ಒಂದು ಚಿತ್ರ ಮಾಡಿದ್ದರು, ‘ಸಂಗೀತಗಾರರು’ ಅಂತ. ಟ್ರಾಮ್ ನೌಕರರು ಕೆಲಸ ಮುಗಿಸಿ ಬ್ಯಾಂಡ್ ಅಭ್ಯಾಸಕ್ಕೆ ಕೂರೋದು, ಅಷ್ಟೇ ಕತೆ. ದಣಿದ ಮುಖಗಳು, ಸ್ವರ ತಪ್ಪಿದಾಗ ಮತ್ತೆ ಮೊದಲಿಂದ. ದಶಕಗಳ ನಂತರ ತನಗೆ ಇಷ್ಟವಾದ ಸಿನಿಮಾಗಳ ಪಟ್ಟಿ ಕೊಟ್ಟಾಗ ಕೀಸ್ಲೋವ್‌ಸ್ಕಿ ದೊಡ್ಡ ದೊಡ್ಡ ಕಥಾಚಿತ್ರಗಳ ನಡುವೆ ಈ ಪುಟ್ಟ ಚಿತ್ರವನ್ನೂ ಸೇರಿಸಿದರು.

1966ರಲ್ಲಿ, ಒಂದೇ ವರ್ಷದಲ್ಲಿ, ವಿದ್ಯಾರ್ಥಿಯಾಗಿ ಅವರು ಎರಡು ಚಿತ್ರ ಮಾಡಿದರು. ಒಂದು ಕಥಾಚಿತ್ರ, ಒಂದು ಸಾಕ್ಷ್ಯಚಿತ್ರ. ಜಾನರ್ ಕೇಳೋ ಹುಡುಗರಿಗೆ ನಾನು ಮೊದಲು ಹೇಳೋದು ಈ ಎರಡನ್ನ ಪಕ್ಕಪಕ್ಕ ಇಟ್ಟು ನೋಡಿ ಅಂತ.

ಕಥಾಚಿತ್ರದ ಹೆಸರು ‘ಟ್ರಾಮ್’. ಮಾತಿಲ್ಲ. ಪಾರ್ಟಿಯಲ್ಲಿ ಮನಸ್ಸು ನಿಲ್ಲದ ಹುಡುಗನೊಬ್ಬ ರಾತ್ರಿ ಓಡಿಬಂದು ಟ್ರಾಮ್ ಹತ್ತುತ್ತಾನೆ. ಎದುರು ಒಬ್ಬಳು ಹುಡುಗಿ. ಅವಳನ್ನ ನಗಿಸಲು ನೋಡುತ್ತಾನೆ. ಅವಳಿಗೆ ನಿದ್ದೆ ಬರುತ್ತೆ. ತನ್ನ ಸ್ಟಾಪಲ್ಲಿ ಇಳಿದವನು ಕಿಟಕಿಯಾಚೆ ಮಲಗಿರೋ ಅವಳನ್ನ ನೋಡಿ, ಹೊರಟ ಟ್ರಾಮಿನ ಹಿಂದೆ ಮತ್ತೆ ಓಡುತ್ತಾನೆ. ಮುಗೀತು. ಸಿಗ್ತಾಳಾ, ಇಲ್ವಾ, ಗೊತ್ತಿಲ್ಲ.

ಸಾಕ್ಷ್ಯಚಿತ್ರದ ಹೆಸರು ‘ಕಚೇರಿ’. ಸರ್ಕಾರಿ ಪಿಂಚಣಿ ಕಚೇರಿಯ ಕಿಟಕಿ. ಆಚೆ ವಯಸ್ಸಾದವರು, ಈಚೆ ಗುಮಾಸ್ತರು. ಆ ಕಾಗದ ಇಲ್ಲ, ಈ ಸೀಲು ಇಲ್ಲ, ಇದು ಇಲ್ಲಿಗಲ್ಲ, ನಾಳೆ ಬನ್ನಿ. ನಮ್ಮ ನಾಡಕಚೇರಿ ಸಾಲಿನಲ್ಲಿ ನಿಂತ ಯಾರಿಗೂ ಸಬ್‌ಟೈಟಲ್ ಬೇಕಾಗಲ್ಲ. ಕೊನೆಗೆ ಗುಮಾಸ್ತೆಯ ದನಿ, ಜೀವಮಾನದಲ್ಲಿ ಏನೇನು ಮಾಡಿದ್ದೀರಿ ಅನ್ನೋದನ್ನ ಅರ್ಜಿಯಲ್ಲಿ ಬರೆಯಿರಿ ಅಂತ ಮತ್ತೆ ಮತ್ತೆ ಹೇಳುತ್ತದೆ. ತೆರೆಯ ಮೇಲೆ ಫೈಲು ತುಂಬಿದ ಕಪಾಟುಗಳು. ಎರಡು ಮಹಾಯುದ್ಧ, ಒಂದು ಆಕ್ರಮಣ, ಒಂದು ಕ್ರಾಂತಿ ದಾಟಿ ಬಂದ ಜನ, ಬದುಕನ್ನೆಲ್ಲ ಒಂದು ಕಾಲಂನಲ್ಲಿ ತುಂಬಬೇಕು.

ಎರಡೂ ಐದಾರು ನಿಮಿಷದವು. ಟ್ರಾಮಿನ ಹುಡುಗನದು ಆಕಸ್ಮಿಕದ ಕತೆ, ಒಂದು ಕ್ಷಣ ತಡವಾದರೆ ಬದುಕು ಬೇರೆ ಅನ್ನೋದು. ಕಚೇರಿಯದು ವ್ಯವಸ್ಥೆಯ ಕತೆ. ಇವೆರಡೇ ಜೀವನಪೂರ್ತಿ ಅವರ ಬೆನ್ನುಬಿಡಲಿಲ್ಲ. ಆದ್ರೆ ಆಗ ಅವರು ಆರಿಸಿಕೊಂಡದ್ದು ಡಾಕ್ಯುಮೆಂಟರಿಯನ್ನ. ಕೋರ್ಸಿನ ಪ್ರಬಂಧವನ್ನೂ ಅದರ ಮೇಲೆಯೇ ಬರೆದರು. ವಾಸ್ತವದಲ್ಲೇ ಕತೆ ಇದೆ, ತಿರುವು ಇದೆ, ಅದನ್ನ ತಾಳ್ಮೆಯಿಂದ ನೋಡಿದರೆ ಸಾಕು, ಕಟ್ಟುಕತೆ ಬೇಕಿಲ್ಲ ಅನ್ನೋದು ಅದರ ವಾದ. ಡಿಪ್ಲೊಮಾ ಚಿತ್ರ, 1969ರ ‘ಲುಜ್ ಊರಿನಿಂದ’, ಆ ವಾದದ ಪ್ರಯೋಗ. ಗಿರಣಿಯೊಳಗೆ ಯಂತ್ರಗಳ ನಡುವೆ ವ್ಯಾಯಾಮ ಮಾಡೋ ಹೆಂಗಸರು, ನಿವೃತ್ತಿಯಾಗೋ ಒಬ್ಬ ಕಾರ್ಮಿಕಳ ಬೀಳ್ಕೊಡುಗೆ, ಮುಚ್ಚಿಹೋಗಲಿರೋ ಮ್ಯಾಂಡೋಲಿನ್ ತಂಡಕ್ಕಾಗಿ ಜಗಳ.

ಆ ಆಯ್ಕೆಗೆ ರಾಜಕೀಯ ಕಾರಣವಿತ್ತು. ಅಧಿಕೃತ ಪೋಲೆಂಡ್ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಒಂದಿತ್ತು. ಉತ್ಪಾದನೆ ಏರುತ್ತಿತ್ತು, ಕಾರ್ಮಿಕರು ಸಂತೋಷವಾಗಿದ್ದರು. ರೇಷನ್ ಸಾಲಿನಲ್ಲಿ, ಆಸ್ಪತ್ರೆಯಲ್ಲಿ, ಗಿರಣಿಯಲ್ಲಿ ಇದ್ದ ಪೋಲೆಂಡ್ ಇನ್ನೊಂದು. ಅದನ್ನ ಯಾರೂ ದಾಖಲಿಸಿರಲಿಲ್ಲ. ಇಲ್ಲದ್ದು ಅಂತ ಹೇಳಲಾಗುವ ಜಗತ್ತನ್ನ ಇದೆ ಅಂತ ತೋರಿಸಿದರೇ ಅದು ವಿರೋಧ. 1968ರ ಮಾರ್ಚಿನಲ್ಲಿ ವಿದ್ಯಾರ್ಥಿ ಚಳವಳಿ ಎದ್ದಾಗ ಸರ್ಕಾರ ಅದನ್ನ ಯಹೂದಿಗಳ ಪಿತೂರಿ ಅಂತ ತಿರುಗಿಸಿತು. ಸಾವಿರಾರು ಯಹೂದಿಗಳು ದೇಶ ಬಿಟ್ಟರು. ಫಿಲ್ಮ್ ಸ್ಕೂಲಿನ ರೆಕ್ಟರ್ ಯೆಜಿ ಟೊಪ್ಲಿಟ್ಸ್ ಹುದ್ದೆ ಕಳಕೊಂಡು ಮುಂದೆ ಆಸ್ಟ್ರೇಲಿಯಾಗೆ ಹೋಗಿ ಅಲ್ಲಿನ ಸಿನಿಮಾ ಶಾಲೆ ಕಟ್ಟಿದರು. ಕೀಸ್ಲೋವ್‌ಸ್ಕಿ ಆ ಚಳವಳಿಯಲ್ಲಿದ್ದರು, ಸೋಲನ್ನೂ ಹತ್ತಿರದಿಂದ ನೋಡಿದರು.

1970ರ ಡಿಸೆಂಬರ್‌ನಲ್ಲಿ ಬಾಲ್ಟಿಕ್ ತೀರದ ಹಡಗುಕಟ್ಟೆ ಕಾರ್ಮಿಕರು ಬೆಲೆಯೇರಿಕೆ ವಿರುದ್ಧ ಬೀದಿಗಿಳಿದರು, ಸರ್ಕಾರ ಗುಂಡು ಹಾರಿಸಿತು. ಗೊಮುಲ್ಕಾ ಇಳಿದು ಗಿಯೆರೆಕ್ ಬಂದರು. ಹೊಸ ನಾಯಕ, ಹೊಸ ಭರವಸೆ. ಕೀಸ್ಲೋವ್‌ಸ್ಕಿ ಮತ್ತು ಗೆಳೆಯರು ದೇಶ ಸುತ್ತಿ ಕಾರ್ಮಿಕರನ್ನ ಮಾತಾಡಿಸಿ ‘ಕಾರ್ಮಿಕರು 71’ ಚಿತ್ರ ಮಾಡಿದರು. ನಮ್ಮನ್ನ ಬಿಟ್ಟು ನಮ್ಮ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ ಅನ್ನೋ ಅರ್ಥದ ಉಪಶೀರ್ಷಿಕೆ ಅದಕ್ಕೆ. ಕಾರ್ಮಿಕರು ನಂಬಿ ಮನಸ್ಸು ಬಿಚ್ಚಿ ಮಾತಾಡಿದ್ದರು. ಆಮೇಲೆ ಎರಡು ಘಟನೆ ನಡೆದವು. ಧ್ವನಿ ಟೇಪುಗಳು ಎಡಿಟಿಂಗ್ ಕೋಣೆಯಿಂದ ನಾಪತ್ತೆಯಾದವು, ವಿಚಾರಣೆಗೆ ಕರೆದದ್ದು ಮಾತ್ರ ನಿರ್ದೇಶಕರನ್ನೇ. ಚಿತ್ರವನ್ನ ಟಿವಿಯವರು ತಮಗೆ ಬೇಕಾದಂತೆ ಕತ್ತರಿಸಿ, ಬೇರೆ ಹೆಸರಿಟ್ಟು ತೋರಿಸಿದರು. ಸೆನ್ಸಾರ್ ಕತ್ತರಿಯ ಕತೆಗಳು ನಮಗೆ ಹೊಸದಲ್ಲ, ಅದನ್ನ ನಾನು ಎಳೆಯಲ್ಲ. ನನ್ನನ್ನ ತಡೆದು ನಿಲ್ಲಿಸೋದು ಆ ಟೇಪುಗಳು. ಅದರಲ್ಲಿದ್ದದ್ದು ನಿರ್ದೇಶಕರ ದನಿಯಲ್ಲ, ಕಾರ್ಮಿಕರದು. ಹೆಸರು, ಊರು, ಕಾರ್ಖಾನೆ ಎಲ್ಲ ಇದ್ದ ದನಿಗಳು. ಅದು ಯಾರ ಕೈಗೆ ಹೋಯಿತು, ಯಾರಿಗೆ ಏನಾಗಬಹುದಿತ್ತು? ಕಲಾವಿದರ ಸ್ವಾತಂತ್ರ್ಯ ಅಂತ ನಾವು ಮಾತಾಡುವಾಗ ಈ ಅರ್ಧ ಬಿಟ್ಟುಹೋಗುತ್ತೆ.

ಮುಂದಿನ ಕೆಲವು ಚಿತ್ರಗಳಲ್ಲಿ ಈ ಮುಳ್ಳು ಆಳಕ್ಕೆ ಇಳಿಯುತ್ತಾ ಹೋಯಿತು. 1974ರ ‘ಮೊದಲ ಪ್ರೀತಿ’ಯಲ್ಲಿ ಇನ್ನೂ ಹದಿನೆಂಟು ತುಂಬದ ಹುಡುಗಿ, ಅವಳ ಹುಡುಗ, ಬಸುರಿ, ಮದುವೆ, ಬಾಡಿಗೆ ಮನೆ, ಹೆರಿಗೆ. ತಿಂಗಳುಗಟ್ಟಲೆ ಕ್ಯಾಮೆರಾ ಅವರ ಜೊತೆ. ಒಂದು ದೃಶ್ಯದಲ್ಲಿ ಪೊಲೀಸಪ್ಪ ಬಂದು, ಈ ಮನೇಲಿ ಇರೋಕೆ ನಿಮ್ಮ ಹೆಸರು ನೋಂದಣಿ ಆಗಿದೆಯಾ ಅಂತ ಗದರುತ್ತಾನೆ. ಆ ಪೊಲೀಸಪ್ಪನನ್ನ ಕಳಿಸಿದ್ದು ಚಿತ್ರತಂಡವೇ. ತುಂಬು ಬಸುರಿಯ ಮುಖದ ಮೇಲೆ ಕಾಣೋ ಹೆದರಿಕೆ ನಿಜವಾದದ್ದು, ಹುಟ್ಟಿಸಿದ್ದು ಮಾತ್ರ ನಿರ್ದೇಶಕ. ನನಗೆ ಆ ದೃಶ್ಯ ಇವತ್ತಿಗೂ ನೋಡಲಾಗಲ್ಲ. ಯೂಟ್ಯೂಬ್‌ನಲ್ಲಿ ಬಡವರ ಮುಂದೆ ಮೈಕ್ ಹಿಡಿದು ಕಣ್ಣೀರು ಬರೋವರೆಗೂ ಕೆಣಕೋ ವಿಡಿಯೋಗಳಿಗೂ ಇದಕ್ಕೂ ಎಷ್ಟು ದೂರ? ಉದ್ದೇಶ ಬೇರೆ ಅನ್ನಬಹುದು. ಆ ಹುಡುಗಿಗೆ ಉದ್ದೇಶ ಕಾಣಲ್ಲ, ಪೊಲೀಸು ಕಾಣ್ತಾನೆ.

1976ರ ‘ಆಸ್ಪತ್ರೆ’ 32 ಗಂಟೆ ಸತತ ಡ್ಯೂಟಿ ಮಾಡೋ ಮೂಳೆ ಶಸ್ತ್ರಚಿಕಿತ್ಸಕರದ್ದು. ಆಪರೇಷನ್ ನಡುವೆ ಸುತ್ತಿಗೆ ಮುರಿಯುತ್ತೆ, ವೈದ್ಯರು ಬೈಕೊಂಡು ಕೆಲಸ ಮುಂದುವರಿಸ್ತಾರೆ. ಯಾರನ್ನೂ ಸಣ್ಣ ಮಾಡದೆ ಇಡೀ ವ್ಯವಸ್ಥೆಯನ್ನ ಬೆತ್ತಲು ಮಾಡಿದ ಚಿತ್ರ ಅದು, ನನ್ನ ಪ್ರಕಾರ ಅವರ ಅತ್ಯುತ್ತಮ ಸಾಕ್ಷ್ಯಚಿತ್ರ. ಅದರ ಮರುವರ್ಷದ ‘ರಾತ್ರಿ ಕಾವಲುಗಾರನ ದೃಷ್ಟಿಯಲ್ಲಿ’ ಹಾಗಲ್ಲ. ಕಾರ್ಖಾನೆಯ ಕಾವಲುಗಾರ, ನಿಯಮ ಅಂದರೆ ಪ್ರಾಣ. ಬಿಡುವಿನಲ್ಲೂ ಪರವಾನಗಿ ಇಲ್ಲದೆ ಮೀನು ಹಿಡಿಯೋರನ್ನ ಹಿಡಿಯೋದೇ ಖುಷಿ. ತಪ್ಪಿತಸ್ಥರನ್ನ ಸಾರ್ವಜನಿಕವಾಗಿ ಗಲ್ಲಿಗೇರಿಸಬೇಕು ಅನ್ನೋ ಅಭಿಪ್ರಾಯ. ಒಂದು ಸರ್ವಾಧಿಕಾರ ಮೇಲಿನವರಿಂದ ಮಾತ್ರ ನಡೆಯಲ್ಲ, ಇಂಥ ಲಕ್ಷಾಂತರ ಪುಟ್ಟ ಕಾವಲುಗಾರರ ಹುಮ್ಮಸ್ಸಿನಿಂದ ನಡೆಯುತ್ತೆ ಅನ್ನೋದು ಹದಿನೇಳು ನಿಮಿಷದಲ್ಲಿ ಕಣ್ಣಿಗೆ ಕಟ್ಟುತ್ತೆ. ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಎನ್‌ಕೌಂಟರ್‌ಗೆ ಚಪ್ಪಾಳೆ ತಟ್ಟೋರನ್ನ ನೋಡಿದಾಗೆಲ್ಲ ನನಗೆ ಆತ ನೆನಪಾಗ್ತಾನೆ.

ಆದ್ರೆ ಆ ಚಿತ್ರವನ್ನ ಟಿವಿಯಲ್ಲಿ ತೋರಿಸಲು ಕೀಸ್ಲೋವ್‌ಸ್ಕಿ ಒಪ್ಪಲಿಲ್ಲ. ಸರ್ಕಾರಕ್ಕೆ ಹೆದರಿ ಅಲ್ಲ. ಕಾವಲುಗಾರನ ಅಕ್ಕಪಕ್ಕದವರು ನೋಡ್ತಾರೆ, ಅವನ ಬದುಕು ಹಾಳಾಗುತ್ತೆ ಅಂತ. ಅವನ ವಿಚಾರಗಳನ್ನ ಅವರು ದ್ವೇಷಿಸುತ್ತಿದ್ದರು, ಅವನನ್ನಲ್ಲ. ಅವನು ಕ್ಯಾಮೆರಾವನ್ನ ನಂಬಿ ಮಾತಾಡಿದ್ದ. ತನ್ನದೇ ಚಿತ್ರ ಜನಕ್ಕೆ ತಲುಪದಂತೆ ತಾನೇ ತಡೆಯೋ ನಿರ್ದೇಶಕ ಅಂದರೆ ಇವತ್ತಿನ ಲೈಕು ಶೇರಿನ ಕಾಲದಲ್ಲಿ ತಮಾಷೆಯಾಗಿ ಕಾಣಬಹುದು.

ಅದೇ ವರ್ಷಗಳಲ್ಲಿ ಅವರು ಕಥಾಚಿತ್ರದ ಕಡೆಗೂ ಕಾಲಿಡುತ್ತಿದ್ದರು. 1975ರ ‘ಸಿಬ್ಬಂದಿ’ಯಲ್ಲಿ ರಂಗಮಂದಿರಕ್ಕೆ ದರ್ಜಿಯಾಗಿ ಸೇರೋ ಹುಡುಗನಿಗೆ ಸಹೋದ್ಯೋಗಿಯ ಮೇಲೆ ದೂರು ಬರೆದುಕೊಡು ಅಂತ ಒತ್ತಡ ಬರುತ್ತೆ. ಎದುರಿಗಿಟ್ಟ ಕಾಗದದ ಮುಂದೆ ಅವನು ಕೂತಿರುವಾಗಲೇ ಸಿನಿಮಾ ಮುಗಿಯುತ್ತೆ. ಬರೀತಾನಾ? ಇಂಥ ಕ್ಷಣವನ್ನ ಡಾಕ್ಯುಮೆಂಟರಿಯಲ್ಲಿ ಹಿಡಿಯಲು ಸಾಧ್ಯವೇ ಇಲ್ಲ. ಹಿಡಿದರೆ ಆ ಹುಡುಗ ಮುಗಿದ.

1979ರ ‘ಕ್ಯಾಮೆರಾ ಬಫ್’ ನೇರವಾಗಿ ಈ ಗೊಂದಲದ ಮೇಲೆಯೇ ಮಾಡಿದ್ದು. ಕಾರ್ಖಾನೆ ನೌಕರನೊಬ್ಬ ಹುಟ್ಟಿದ ಮಗಳನ್ನ ಚಿತ್ರಿಸಲು ಪುಟ್ಟ ಕ್ಯಾಮೆರಾ ಕೊಳ್ತಾನೆ. ಮ್ಯಾನೇಜರು ಕಾರ್ಖಾನೆಯ ವಾರ್ಷಿಕೋತ್ಸವ ಶೂಟ್ ಮಾಡು ಅಂತಾರೆ. ಹವ್ಯಾಸ ಚಟವಾಗುತ್ತೆ, ಬಹುಮಾನ ಬರುತ್ತೆ, ಹೆಂಡತಿ ಬಿಟ್ಟು ಹೋಗ್ತಾಳೆ. ಊರಿನ ಕಾಮಗಾರಿಯ ಹುಳುಕು ತೋರಿಸಿದ ಅವನ ಚಿತ್ರ ಟಿವಿಯಲ್ಲಿ ಬಂದಾಗ ಕೆಲಸ ಹೋಗೋದು ಅವನದಲ್ಲ, ಅವನಿಗೆ ಬೆಂಬಲ ಕೊಟ್ಟ ಹಿರಿಯನದು. ಕೊನೆಗೆ ಆ ನೌಕರ ಕ್ಯಾಮೆರಾವನ್ನ ತನ್ನ ಕಡೆಗೇ ತಿರುಗಿಸಿಕೊಳ್ತಾನೆ. ಮಾಸ್ಕೋ ಚಿತ್ರೋತ್ಸವದಲ್ಲಿ ಇದಕ್ಕೆ ದೊಡ್ಡ ಬಹುಮಾನ ಬಂತು. ಹೋರಾಟದ ವಿಡಿಯೋ ಮಾಡೋ ಪ್ರತಿಯೊಬ್ಬರೂ ನೋಡಬೇಕಾದ ಸಿನಿಮಾ. ಸತ್ಯ ಹೇಳಿದ್ದು ನಾನು, ಬೆಲೆ ಕೊಟ್ಟದ್ದು ಇನ್ನೊಬ್ಬ ಅನ್ನೋ ಸ್ಥಿತಿಗೆ ಸಿದ್ಧಾಂತಗಳಲ್ಲಿ ಉತ್ತರ ಸಿಗಲ್ಲ.

ಆಮೇಲೆ ಬಂತು ‘ನಿಲ್ದಾಣ’. 1980. ವಾರ್ಸಾದ ಸೆಂಟ್ರಲ್ ಸ್ಟೇಷನ್ನಿನಲ್ಲಿ ರಾತ್ರಿಹೊತ್ತು ಶೂಟಿಂಗ್. ರೈಲಿಗೆ ಕಾಯೋ ಜನ, ತೂಕಡಿಸೋ ಜನ, ಲಗೇಜ್ ಲಾಕರುಗಳ ಹತ್ತಿರ ತಡಕಾಡೋ ಜನ, ಮೇಲಿಂದ ಎಲ್ಲರನ್ನೂ ನೋಡೋ ಕಣ್ಗಾವಲು ಕ್ಯಾಮೆರಾಗಳು. ಒಂದು ರಾತ್ರಿ ಶೂಟಿಂಗ್ ಮುಗಿಸಿ ಬಂದಾಗ ಪೊಲೀಸರು ರೀಲುಗಳನ್ನ ವಶಪಡಿಸಿಕೊಂಡರು. ರಾಜಕೀಯ ಕಾರಣ ಇರಬೇಕು ಅಂತ ತಂಡಕ್ಕೆ ಅನುಮಾನ. ಅಸಲಿ ಸಂಗತಿ ಬೇರೆ. ತಾಯಿಯನ್ನ ಕೊಂದ ಹುಡುಗಿಯೊಬ್ಬಳು ಶವವನ್ನ ಕತ್ತರಿಸಿ ಸೂಟ್‌ಕೇಸುಗಳಲ್ಲಿ ತುಂಬಿ ಅದೇ ರಾತ್ರಿ ಅದೇ ನಿಲ್ದಾಣದ ಲಾಕರಿನಲ್ಲಿ ಇಟ್ಟಿದ್ದಳು. ಫಿಲ್ಮಿನಲ್ಲಿ ಅವಳು ಸಿಕ್ಕಿದ್ದಾಳಾ ಅಂತ ಪೊಲೀಸರು ಹುಡುಕಿದರು. ಸಿಕ್ಕಿರಲಿಲ್ಲ. ರೀಲು ವಾಪಸ್ ಕೊಟ್ಟರು.

ಇದರಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದ್ರೆ ಕೀಸ್ಲೋವ್‌ಸ್ಕಿಗೆ ಅಲ್ಲೇ ಏನೋ ಮುರಿಯಿತು. ಕ್ಯಾಮೆರಾವನ್ನ ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗಿಸಿದ್ದರೆ ಅವಳು ಫ್ರೇಮಿನಲ್ಲಿ ಇರುತ್ತಿದ್ದಳು. ಆಗ ತಾನು ಬೇಕು ಅನ್ನದೆಯೇ, ಗೊತ್ತೇ ಇಲ್ಲದೆ, ಪೊಲೀಸರ ಕಡೆಯವನಾಗುತ್ತಿದ್ದೆ. ಕೊಲೆಗಾರ್ತಿಯನ್ನ ಹಿಡಿದುಕೊಟ್ಟರೆ ತಪ್ಪೇನು ಅಂತ ಕೇಳಬಹುದು. ಇವತ್ತು ಕೊಲೆಗಾರ್ತಿ, ನಾಳೆ ಕರಪತ್ರ ಹಂಚೋ ಹುಡುಗ. ಫಿಲ್ಮಿಗೆ ಆ ವ್ಯತ್ಯಾಸ ಗೊತ್ತಾಗಲ್ಲ.

ಡಾಕ್ಯುಮೆಂಟರಿಗೆ ಕನ್ನಡದಲ್ಲಿ ನಾವು ಇಟ್ಟಿರೋ ಹೆಸರು ಸಾಕ್ಷ್ಯಚಿತ್ರ. ಒಳ್ಳೆಯ ಪದ, ಅಷ್ಟೇ ಭಯಂಕರ ಪದ. ಸಾಕ್ಷ್ಯ ಅಂದಮೇಲೆ ಅದಕ್ಕೊಂದು ಠಾಣೆ ಇದೆ, ಕೋರ್ಟಿದೆ, ಆರೋಪಿ ಇದ್ದಾನೆ. 2020ರ ದೆಹಲಿ ಗಲಭೆಯ ತನಿಖೆಯಲ್ಲಿ ಸಾರ್ವಜನಿಕರಿಂದ ವಿಡಿಯೋ ತರಿಸಿಕೊಂಡು, ಮುಖ ಗುರುತಿಸೋ ಸಾಫ್ಟ್‌ವೇರಿಗೆ ಹಾಕಿ ಸಾವಿರಕ್ಕೂ ಹೆಚ್ಚು ಜನರನ್ನ ಗುರುತಿಸಿದ್ದೇವೆ ಅಂತ ಗೃಹ ಸಚಿವರೇ ಸಂಸತ್ತಿನಲ್ಲಿ ಹೇಳಿದ್ದರು. 1980ರಲ್ಲಿ ಪೊಲೀಸರು ಒಂದೊಂದು ರೀಲನ್ನೂ ಕಣ್ಣಲ್ಲಿ ನೋಡಬೇಕಿತ್ತು. ಈಗ ಆ ಕಷ್ಟವೂ ಇಲ್ಲ. ಪ್ರತಿಭಟನೆಯಲ್ಲಿ ಪಕ್ಕದವರ ಮುಖ ತೋರಿಸಿ ರೀಲ್ಸ್ ಹಾಕೋರು ಯಾರೂ ಕೆಟ್ಟ ಉದ್ದೇಶದಿಂದ ಹಾಕಲ್ಲ. ಕೀಸ್ಲೋವ್‌ಸ್ಕಿಗೂ ಕೆಟ್ಟ ಉದ್ದೇಶ ಇರಲಿಲ್ಲ.

ಹಾಗಂತ ಅವರು ಡಾಕ್ಯುಮೆಂಟರಿಯಿಂದ ದೂರ ಸರಿದದ್ದನ್ನ ನಾನು ಪೂರ್ತಿ ಒಪ್ಪಲ್ಲ. ಅದೇ 1980ರ ಆಗಸ್ಟಿನಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಮುಷ್ಕರವಾಯಿತು, ಸಾಲಿಡಾರಿಟಿ ಹುಟ್ಟಿತು. ಕಾರ್ಮಿಕರು ಸರ್ಕಾರದ ಜೊತೆ ಎದುರುಬದುರು ಕೂತು ಮಾತುಕತೆ ನಡೆಸಿದ್ದನ್ನ ಬೇರೆ ನಿರ್ದೇಶಕರು ಚಿತ್ರೀಕರಿಸಿದರು. ‘ಕಾರ್ಮಿಕರು 80’ ಅನ್ನೋ ಆ ಚಿತ್ರ ಇಲ್ಲದಿದ್ದರೆ ಆ ದಿನಗಳ ಮುಖವೇ ನಮಗೆ ಕಾಣುತ್ತಿರಲಿಲ್ಲ. ಅಲ್ಲಿ ಕಾರ್ಮಿಕರಿಗೆ ತಾವು ಕ್ಯಾಮೆರಾ ಮುಂದೆ ಇದ್ದೇವೆ ಅಂತ ಗೊತ್ತಿತ್ತು, ಇರಲಿ ಅಂತಲೂ ಬಯಸಿದ್ದರು. ಎಲ್ಲರೂ ಕೀಸ್ಲೋವ್‌ಸ್ಕಿ ಥರ ಹಿಂದೆ ಸರಿದಿದ್ದರೆ ಸರ್ಕಾರದ ಟಿವಿ ತೋರಿಸಿದ್ದೇ ಇತಿಹಾಸವಾಗುತ್ತಿತ್ತು. ನಮ್ಮಲ್ಲಿ ಆನಂದ್ ಪಟವರ್ಧನ್ ದಶಕಗಟ್ಟಲೆ ಕೋರ್ಟು ಹತ್ತಿ ತಮ್ಮ ಚಿತ್ರಗಳನ್ನ ಉಳಿಸಿಕೊಂಡರಲ್ಲ, ಅದೂ ಒಂದು ಉತ್ತರವೇ.

ಕೀಸ್ಲೋವ್‌ಸ್ಕಿ ಬೇರೆ ದಾರಿ ಹಿಡಿದರು. 1981ರ ‘ಬ್ಲೈಂಡ್ ಚಾನ್ಸ್’ನಲ್ಲಿ ವಿಟೆಕ್ ಅನ್ನೋ ವೈದ್ಯ ವಿದ್ಯಾರ್ಥಿ ಹೊರಟ ರೈಲಿನ ಹಿಂದೆ ಓಡುತ್ತಾನೆ. ಹದಿನೈದು ವರ್ಷ ಹಿಂದೆ ಟ್ರಾಮಿನ ಹಿಂದೆ ಓಡಿದ ಹುಡುಗನೇ ಇವನು. ರೈಲು ಸಿಕ್ಕಿದರೆ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತ ಆಗ್ತಾನೆ. ಸ್ಟೇಷನ್ ಸಿಬ್ಬಂದಿ ತಡೆದು ಜಗಳವಾದರೆ ಭೂಗತ ಚಳವಳಿಗೆ ಸೇರ್ತಾನೆ. ರೈಲು ತಪ್ಪಿದರೆ ರಾಜಕೀಯ ಬೇಡ ಅನ್ನೋ ಡಾಕ್ಟರು. ಮೂರು ಬದುಕಲ್ಲೂ ಅವನು ಒಳ್ಳೆಯವನೇ. ಎದುರು ಪಾಳಯದವನನ್ನ ದ್ರೋಹಿ ಅಂತ ಟ್ರೋಲ್ ಮಾಡೋ ಮುಂಚೆ ನಾನು ಒಂದು ನಿಮಿಷ ಈ ಸಿನಿಮಾ ನೆನೆಸಿಕೊಳ್ಳೋಕೆ ಪ್ರಯತ್ನಪಡ್ತೀನಿ, ಸದಾ ಆಗಲ್ಲ. 1981ರ ಡಿಸೆಂಬರ್ 13ಕ್ಕೆ ಸೇನಾಡಳಿತ ಹೇರಿದರು. ಸಿನಿಮಾ ಡಬ್ಬದಲ್ಲೇ ಉಳಿದು 1987ರಲ್ಲಿ ಹೊರಬಂತು.

ಸೇನಾಡಳಿತದ ಕಾಲದ ಇನ್ನೊಂದು ಸಂಗತಿ ಹೇಳದೆ ಈ ಬದುಕು ಪೂರ್ತಿಯಾಗಲ್ಲ. ಗೋಡೆಬರಹಕ್ಕೆ, ನಿಷೇಧಿತ ಪತ್ರಿಕೆ ಇಟ್ಟುಕೊಂಡದ್ದಕ್ಕೆ ಕೋರ್ಟುಗಳು ಹುಡುಗರನ್ನ ವರ್ಷಗಟ್ಟಲೆ ಜೈಲಿಗೆ ಕಳಿಸುತ್ತಿದ್ದವು. ಅದನ್ನ ಚಿತ್ರೀಕರಿಸಲು ಅನುಮತಿ ಪಡೆದು ಕೀಸ್ಲೋವ್‌ಸ್ಕಿ ಕೋರ್ಟಿಗೆ ಹೋದರು. ಶಿಕ್ಷೆ ಕೇಳಿದ ಕ್ಷಣದ ಆರೋಪಿಯ ಮುಖ, ಶಿಕ್ಷೆ ಕೊಟ್ಟ ನ್ಯಾಯಾಧೀಶರ ಮುಖ ಅವರಿಗೆ ಬೇಕಿತ್ತು. ಸಿಗಲೇ ಇಲ್ಲ. ಯಾಕಂದರೆ ಕ್ಯಾಮೆರಾ ಇದ್ದ ಕಡೆ ನ್ಯಾಯಾಧೀಶರು ಕಠಿಣ ಶಿಕ್ಷೆ ಕೊಡುತ್ತಿರಲಿಲ್ಲ. ಮುಂದೊಂದು ದಿನ ಈ ಚಿತ್ರ ಯಾರ ಕೈಗೆ ಸಿಗುತ್ತೋ ಅನ್ನೋ ಅಂಜಿಕೆ. ಮೊದಲು ಇವರನ್ನ ಅನುಮಾನದಿಂದ ನೋಡಿದ ವಕೀಲರು, ನಮ್ಮ ಕೇಸಿಗೂ ಬನ್ನಿ ಅಂತ ದುಂಬಾಲು ಬಿದ್ದರು. ಒಂದು ಕ್ಯಾಮೆರಾ ಸಾಲದೆ ಇನ್ನೊಂದು ತಂದರು. ಎರಡನೆಯದರಲ್ಲಿ ಫಿಲ್ಮೇ ಇರಲಿಲ್ಲ. ಚಿತ್ರ ಬೇಕಿರಲಿಲ್ಲ, ಕ್ಯಾಮೆರಾ ಅಲ್ಲಿ ನಿಂತರೆ ಸಾಕಿತ್ತು.

ಅವರ ಬದುಕಿನ ಅತ್ಯಂತ ಪರಿಣಾಮಕಾರಿ ರಾಜಕೀಯ ಕೃತಿ ಯಾವುದು ಅಂತ ಕೇಳಿದರೆ ನಾನು ಆ ಖಾಲಿ ಕ್ಯಾಮೆರಾ ಅಂತೀನಿ. ಚಿತ್ರ ಆಗಲಿಲ್ಲ, ಆದ್ರೆ ಕೆಲವು ಹುಡುಗರು ಮನೆಗೆ ಹೋದರು. ಸಾಕ್ಷ್ಯ ಪೊಲೀಸರ ಕೈಗೆ ಸಿಕ್ಕೀತು ಅಂತ ಹೆದರಿ ಡಾಕ್ಯುಮೆಂಟರಿ ಬಿಟ್ಟವರಿಗೆ, ಸಾಕ್ಷ್ಯಕ್ಕೆ ನ್ಯಾಯಾಧೀಶರೂ ಹೆದರ್ತಾರೆ ಅನ್ನೋದು ಎರಡೇ ವರ್ಷದಲ್ಲಿ ಕಂಡಿತು. ಎರಡೂ ನಿಜ.

ಆ ಕೋರ್ಟಿನಲ್ಲಿ ಪರಿಚಯವಾದ ವಕೀಲ ಕ್ರಿಸ್ತಾಫ್ ಪಿಯೆಸೆವಿಚ್ ಮುಂದೆ ಅವರ ಎಲ್ಲ ಚಿತ್ರಗಳಿಗೆ ಜೊತೆ ಬರಹಗಾರ. ಇಬ್ಬರೂ ಸೇರಿ ಮಾಡಿದ ‘ನೋ ಎಂಡ್’ ಸಿನಿಮಾವನ್ನ ಸರ್ಕಾರ, ವಿರೋಧಿಗಳು, ಚರ್ಚು ಮೂವರೂ ಬೈದರು. ಆಮೇಲಿನದು ಎಲ್ಲರಿಗೂ ಗೊತ್ತಿರೋ ಭಾಗ, ಬೇಗ ಹೇಳಿ ಮುಗಿಸ್ತೀನಿ. 1988ರ ‘ಎ ಶಾರ್ಟ್ ಫಿಲ್ಮ್ ಅಬೌಟ್ ಕಿಲ್ಲಿಂಗ್’ ಒಬ್ಬ ಯುವಕ ಮಾಡೋ ಕೊಲೆಯನ್ನೂ, ಅವನನ್ನ ಸರ್ಕಾರ ಗಲ್ಲಿಗೇರಿಸೋದನ್ನೂ ಒಂದೇ ಕಣ್ಣಿಂದ ನೋಡಿತು. ಪೋಲೆಂಡಿನಲ್ಲಿ ಕೊನೆಯ ಗಲ್ಲು ಆದದ್ದು ಅದೇ ವರ್ಷ. ಟಿವಿಗಾಗಿ ಹತ್ತು ಕಂತುಗಳ ‘ಡೆಕಲಾಗ್’, ಫ್ರಾನ್ಸಿನಲ್ಲಿ 1991ರ ‘ವೆರೋನಿಕ್’, ಮತ್ತೆ ನೀಲಿ, ಬಿಳಿ, ಕೆಂಪು. ‘ರೆಡ್’ಗೆ ಮೂರು ಆಸ್ಕರ್ ನಾಮನಿರ್ದೇಶನ. 1994ರಲ್ಲಿ ಇನ್ನು ಸಿನಿಮಾ ಮಾಡಲ್ಲ ಅಂತ ಘೋಷಿಸಿದರು. 1996ರ ಮಾರ್ಚ್ 13ರಂದು ವಾರ್ಸಾದ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ವಯಸ್ಸು 54.

ಡಾಕ್ಯುಮೆಂಟರಿ ಬಿಟ್ಟೆ ಅಂದವರು ಒಮ್ಮೆ ಮರಳಿದ್ದರು. 1988ರಲ್ಲಿ, ಬೇರೆ ಬೇರೆ ಊರುಗಳ ಮೇಲಿನ ಚಿತ್ರಮಾಲೆಗಾಗಿ ವಾರ್ಸಾದ ಭಾಗ ಮಾಡಿಕೊಟ್ಟರು. ‘ವಾರದ ಏಳು ದಿನ’ ಅಂತ ಹೆಸರು, ಹದಿನೆಂಟು ನಿಮಿಷ. ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು, ಹೀಗೆ ಶನಿವಾರದವರೆಗೆ ಆರು ಜನರ ದಿನಚರಿ. ಎಲ್ಲರೂ ಅವಸರದಲ್ಲಿ, ಎಲ್ಲರೂ ಒ‍ಬ್ಬೊಬ್ಬರೇ. ಇವರಿಗೆ ಒಬ್ಬರಿಗೊಬ್ಬರು ಸಂಬಂಧ ಇದೆ ಅಂತ ಎಲ್ಲೂ ಹೇಳಲ್ಲ. ಭಾನುವಾರ ಆರೂ ಜನ ಒಂದೇ ಮೇಜಿನ ಸುತ್ತ ಊಟಕ್ಕೆ ಕೂರ್ತಾರೆ. ಒಂದೇ ಮನೆಯವರು.